ಕರ್ನಾಟಕದ ಸರ್ಕಾರಿ ಶಾಲೆ ಏಕೆ ಸೊರಗಿತು, ಹೇಗೆ ಚೇತರಿಸೀತು: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಶಾಲೆಯ ವಿಷಯ ಎತ್ತಿದರೆ ಸಾಕು, ಮದುವೆ ಮನೆಯಿರಲಿ, ಬಸ್ಸಿರಲಿ, ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳೂ ಸಿದ್ಧವಾಗಿರುತ್ತವೆ: ಮೇಷ್ಟ್ರು ಸರಿಯಿಲ್ಲ, ಇಂಗ್ಲಿಷ್ ಇಲ್ಲ, ಕಾಲ ಕೆಟ್ಟಿತು. ಅಷ್ಟಕ್ಕೇ ಮಾತು ಮುಗಿಯಬಾರದು ಎನ್ನುವವರಿಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟಡ, ಬಣ್ಣ, ಟಿ.ವಿ. ಪರದೆ ಇವೆಲ್ಲವುಗಳಿಗಿಂತ ತರಗತಿಗೊಬ್ಬ ಶಿಕ್ಷಕ ಇದ್ದಾನೆಯೇ ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಸರ್ಕಾರಿ ಶಾಲೆ ಕುಸಿಯುತ್ತಿರುವುದು ನಿಜವೇ, ಇಲ್ಲ ಖಾಸಗಿಯವರು ಹಬ್ಬಿಸಿದ ಮಾತೇ?

ದಾಖಲಾತಿ ಕುಸಿದಿರುವುದು ನಿಜ. ರಾಜ್ಯದಲ್ಲಿ ಸುಮಾರು 46 ಸಾವಿರ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿವೆ. ಅವುಗಳಲ್ಲಿ ಬೆರಳೆಣಿಕೆಯ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಮಲೆನಾಡಿನಲ್ಲೂ ಕರಾವಳಿಯಲ್ಲೂ ಎಲ್ಲೆಡೆ ಕಾಣುತ್ತವೆ. ಆದರೆ ಇಲ್ಲಿಗೆ ಬಾರದ ಮಕ್ಕಳೆಲ್ಲ ಖಾಸಗಿ ಶಾಲೆಗೆ ಹೋದರು ಎಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಂದರೆ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. ಈ ಲೆಕ್ಕವನ್ನು ಬಿಟ್ಟು ಮಾತನಾಡುವವರು ಅರ್ಧ ಸತ್ಯ ಹೇಳುತ್ತಿದ್ದಾರೆ.

ಕಲಿಕೆಯ ಸ್ಥಿತಿಯೂ ಸಮಾಧಾನ ಕೊಡುವಂತಿಲ್ಲ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಠ್ಯ ಓದಬಲ್ಲ ಮಕ್ಕಳು 2018ರಲ್ಲಿ ಶೇ 44.2, ಕೋವಿಡ್ ನಂತರ 2022ರಲ್ಲಿ ಶೇ 38.5, 2024ರಲ್ಲಿ ಶೇ 44.8. ಕಳೆದುಕೊಂಡದ್ದು ಮರಳಿ ಬಂದಿದೆ. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಇನ್ನೂ ಓದು ಬಂದಿಲ್ಲ.

ಹಾಗೆಂದು ‘ನಮ್ಮ ಕಾಲದ ಶಾಲೆ ಚೆನ್ನಾಗಿತ್ತು’ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವರ ಕಾಲದಲ್ಲಿ ದನ ಕಾಯುತ್ತಿದ್ದ, ತಂಗಿಯನ್ನು ಎತ್ತಿಕೊಂಡು ಮನೆಯಲ್ಲೇ ಉಳಿದಿದ್ದ ಮಕ್ಕಳು ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಇಂದು ಅವರ ಮಕ್ಕಳು, ಮೊಮ್ಮಕ್ಕಳು ಶಾಲೆಯೊಳಗಿದ್ದಾರೆ.

ಕುಸಿತ ಶುರುವಾದದ್ದು ಯಾವಾಗ?

ಒಂದು ದಿನಾಂಕ ಹೇಳಲಾಗದು. ಸಂವಿಧಾನದ 45ನೇ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕೆಂದಿತು. ಆ ಗಡುವು 1960ಕ್ಕೆ ಮುಗಿಯಿತು. 1964–66ರ ಕೊಠಾರಿ ಆಯೋಗ ಬಡವ ಬಲ್ಲಿದರ ಮಕ್ಕಳು ಒಂದೇ ಕಡೆ ಕಲಿಯುವ ನೆರೆಹೊರೆಯ ಸಮಾನ ಶಾಲೆ ಬೇಕೆಂದಿತು. ಅದು ಕಡತದಲ್ಲೇ ಉಳಿಯಿತು. ಶಿಕ್ಷಣ ಮೂಲಭೂತ ಹಕ್ಕಾಗಲು 2002ರ 86ನೇ ತಿದ್ದುಪಡಿ ಬರಬೇಕಾಯಿತು. ಅದರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅಷ್ಟರಲ್ಲಿ ಅನುಕೂಲಸ್ಥರು ಜಾಗ ಖಾಲಿ ಮಾಡಿಯಾಗಿತ್ತು.

ಅವರು ಹೋದ ಕ್ರಮವನ್ನು ಗಮನಿಸಿ. ಮೊದಲು ಅಧಿಕಾರಿಗಳ ಮಕ್ಕಳು, ಆಮೇಲೆ ವಕೀಲರ, ವ್ಯಾಪಾರಿಗಳ ಮಕ್ಕಳು. ಅದಾದ ಮೇಲೆ ಸರ್ಕಾರಿ ಶಾಲೆಯ ಮೇಷ್ಟ್ರ ಮಕ್ಕಳೇ. ಮೇಷ್ಟ್ರ ಮಗ ಕಾನ್ವೆಂಟಿನ ವ್ಯಾನ್ ಹತ್ತಿದ್ದನ್ನು ನೋಡಿದ ಊರಿಗೆ ಬೇರೆ ಪ್ರಚಾರವೇ ಬೇಕಾಗಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ದಬಾಯಿಸಬಲ್ಲವರೆಲ್ಲ ಹೊರಟುಹೋದ ಮೇಲೆ, ಗಣಿತದ ಶಿಕ್ಷಕರಿಲ್ಲ ಎಂದು ಕೇಳುವವರೂ ಇಲ್ಲವಾದರು. ಗುಣಮಟ್ಟ ಇಳಿದದ್ದರಿಂದ ಜನ ಹೋದರೋ, ಜನ ಹೋದದ್ದರಿಂದ ಗುಣಮಟ್ಟ ಇಳಿಯಿತೋ ಎಂದರೆ ಎರಡೂ ಹೌದು. ಆದರೆ ಎರಡನೆಯದನ್ನು ನಾವು ಬಹಳ ಕಡಿಮೆ ಮಾತನಾಡುತ್ತೇವೆ.

ಮೇಷ್ಟ್ರುಗಳು ಪಾಠ ಮಾಡುವುದಿಲ್ಲ, ಸಂಬಳ ಎಣಿಸುತ್ತಾರೆ. ಅದೇ ಕಾರಣವಲ್ಲವೇ?

ಅಂಥವರು ಇದ್ದಾರೆ, ಎಲ್ಲ ಇಲಾಖೆಗಳಲ್ಲೂ ಇರುವಂತೆ. 2003ರಲ್ಲಿ ದೇಶದಾದ್ಯಂತ ಮುನ್ಸೂಚನೆಯಿಲ್ಲದೆ ಭೇಟಿ ಕೊಟ್ಟು ಮಾಡಿದ ಅಧ್ಯಯನದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಲ್ಲಿ ಶೇ 25ರಷ್ಟು ಮಂದಿ ಶಾಲೆಯಲ್ಲಿರಲಿಲ್ಲ. ಆ ಅಂಕಿಯನ್ನು ಇಂದಿಗೂ ಎಲ್ಲರೂ ಹೇಳುತ್ತಾರೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳಲ್ಲಿ ನಡೆಸಿದ ಅಧ್ಯಯನ ಅಷ್ಟು ಪ್ರಸಿದ್ಧವಾಗಲಿಲ್ಲ. ಅದರಲ್ಲಿ ಶಾಲೆಯಲ್ಲಿ ಇಲ್ಲದವರು ಶೇ 18.5, ಕಾರಣವೇ ಇಲ್ಲದೆ ಗೈರಾದವರು ಬರೀ ಶೇ 2.5. ಉಳಿದವರು ರಜೆಯ ಮೇಲಿದ್ದರು, ತರಬೇತಿಗೋ ಸಭೆಗೋ ಹೋಗಿದ್ದರು, ಇಲ್ಲವೇ ಸರ್ಕಾರವೇ ಒಪ್ಪಿಸಿದ ಬೇರೆ ಕೆಲಸದಲ್ಲಿದ್ದರು.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಬಹುಪಾಲು ಶಿಕ್ಷಕರೇ. ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಪಕ್ಕದ ಖಾಸಗಿ ಶಾಲೆಯಲ್ಲಿ ಆ ದಿನಗಳಲ್ಲಿ ಪಾಠ ನಡೆಯುತ್ತಿತ್ತು. ಸಮೀಕ್ಷೆ ಬೇಕೋ ಬೇಡವೋ ಅದು ಬೇರೆ ಚರ್ಚೆ. ಅದರ ಬೆಲೆ ತೆತ್ತವರು ಯಾರ ಮಕ್ಕಳು ಎಂದಷ್ಟೇ ಕೇಳುತ್ತೇನೆ. ಸಮೀಕ್ಷೆಯಲ್ಲಿ ‘ಹಿಂದುಳಿದವರು’ ಎಂಬ ಅಂಕಣಕ್ಕೆ ಸೇರುವವರ ಮಕ್ಕಳೇ.

30 ಮಕ್ಕಳಿಗೊಬ್ಬ ಶಿಕ್ಷಕ ಎಂಬ ಲೆಕ್ಕದಲ್ಲಿ ನೋಡಿದರೆ ಶಿಕ್ಷಕರು ಸಾಕಷ್ಟು ಇದ್ದಾರಲ್ಲ?

ಇದು ನನಗೆ ಅತಿ ಮುಖ್ಯ ಎನಿಸುವ ಪ್ರಶ್ನೆ, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಈ ಲೆಕ್ಕ ತಲೆಗಳನ್ನು ಎಣಿಸುತ್ತದೆ, ತರಗತಿಗಳನ್ನಲ್ಲ. 28 ಮಕ್ಕಳಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ತೆಗೆದುಕೊಳ್ಳಿ. ಇಬ್ಬರು ಶಿಕ್ಷಕರು, ಅಂಕಿಅಂಶದ ಪುಸ್ತಕದಲ್ಲಿ ಹದಿನಾಲ್ಕು ಮಕ್ಕಳಿಗೊಬ್ಬರು. ಫಿನ್ಲೆಂಡಿನವರೂ ಮೆಚ್ಚುವಂಥ ಅನುಪಾತ! ಒಳಗೆ ಹೋಗಿ ನೋಡಿದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನಲಿ ಕಲಿ (ಕಾರ್ಡುಗಳ ಮೂಲಕ ಗುಂಪಿನಲ್ಲಿ ಕಲಿಸುವ ಕ್ರಮ) ತಟ್ಟೆಗಳ ಸುತ್ತ ಕುಳಿತಿದ್ದಾರೆ, ಒಬ್ಬ ಮೇಡಂ. ಪಕ್ಕದ ಕೋಣೆಯಲ್ಲಿ ನಾಲ್ಕು ಮತ್ತು ಐದನೇ ತರಗತಿ, ಅಲ್ಲಿ ಮುಖ್ಯ ಶಿಕ್ಷಕರು. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂದು ನಾಲ್ಕು ವಿಷಯ. ಐದು ತರಗತಿ, ನಾಲ್ಕು ವಿಷಯ. ಇಪ್ಪತ್ತು ಬಗೆಯ ಪಾಠ ಇಬ್ಬರ ತಲೆಯ ಮೇಲೆ. ನಾಲ್ಕನೆಯವರಿಗೆ ಭಾಗಾಕಾರ ಹೇಳುವಾಗ ಐದನೆಯವರು ‘ನಕಲು ಬರೆಯಿರಿ’.

ಇನ್ನು ಮುಖ್ಯ ಶಿಕ್ಷಕರ ಬೆಳಗ್ಗೆ. ಬಿಸಿಯೂಟಕ್ಕೆ ಅಕ್ಕಿ ಬೇಳೆ ಅಳೆದುಕೊಡಬೇಕು, ಹಾಲಿನ ಪುಡಿಯ ಲೆಕ್ಕ ಬರೆಯಬೇಕು, ಮೊಟ್ಟೆ ತರಬೇಕು. ಮೊಟ್ಟೆಯ ಬೆಲೆ ಏರಿದಾಗ ಸರ್ಕಾರದ ದರಕ್ಕೂ ಅಂಗಡಿಯ ದರಕ್ಕೂ ನಡುವಿನ ವ್ಯತ್ಯಾಸ ಹೋಗುವುದು ಅವರ ಜೇಬಿನಿಂದಲೇ. ಎಷ್ಟು ಮಕ್ಕಳು ಊಟ ಮಾಡಿದರು ಎಂದು ಮೊಬೈಲಿನಲ್ಲಿ ಸಂದೇಶ ಕಳಿಸಬೇಕು. ಮಕ್ಕಳ ಮಾಹಿತಿ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಹಾಜರಾತಿ ಏರಿಸಬೇಕು. ಹೆಸರಿನ ಒಂದಕ್ಷರ ಆಧಾರಿಗೆ ಹೊಂದದಿದ್ದರೆ ತಿದ್ದಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂದು ಸಂಜೆಯೊಳಗೆ ಕಡ್ಡಾಯವಾಗಿ’ ಎಂಬ ಮಾಹಿತಿ ಕೋರಿಕೆ ಬಂದಿರುತ್ತದೆ. ಬಿಇಒ ಕಚೇರಿಯಲ್ಲಿ ಸಭೆಯಿದ್ದರೆ ಮುಗಿಯಿತು, ಅಂದು ಐದೂ ತರಗತಿಗೆ ಒಬ್ಬರೇ ಮೇಡಂ. ಆ ಮೇಡಂ ತರಬೇತಿಗೆ ಹೋದ ವಾರ ಒಬ್ಬರೇ ಮೇಷ್ಟ್ರು. ಹೆರಿಗೆ ರಜೆ ಬಂದರೆ ಆರು ತಿಂಗಳು ಏಕೋಪಾಧ್ಯಾಯ ಶಾಲೆ.

ಎರಡು ಕಿಲೋಮೀಟರ್ ಆಚೆಯ ಖಾಸಗಿ ಶಾಲೆಯ ಶಿಕ್ಷಕಿಯ ತರಬೇತಿ ಕಡಿಮೆಯಿರಬಹುದು, ಸಂಬಳವಂತೂ ಕಡಿಮೆಯೇ. ಆದರೆ ತರಗತಿಗೊಬ್ಬರು ‘ಮಿಸ್’ ಇದ್ದಾರೆ. ತಾಯಿಯೊಬ್ಬಳು ಕಿಟಕಿಯಿಂದ ನೋಡಿದರೆ ಅವಳಿಗೆ ಕಾಣುವುದು ಅದು. ಅವಳ ತೀರ್ಮಾನವನ್ನು ಇಂಗ್ಲಿಷಿನ ಮೋಹ ಎಂದು ಹಂಗಿಸುವುದು ಸುಲಭ, ನಾನು ಹಂಗಿಸಲಾರೆ.

ಹಾಗಾದರೆ ನೇಮಕಾತಿ ಏಕೆ ಆಗುವುದಿಲ್ಲ?

ಆಗುತ್ತದೆ, ಆಮೆಗತಿಯಲ್ಲಿ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಬಂತು. ವಿವಾಹಿತ ಮಹಿಳೆ ತಂದೆಯ ಹೆಸರಿನ ಜಾತಿ–ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನ ಹೆಸರಿನದೋ ಎಂಬ ವ್ಯಾಜ್ಯ ನ್ಯಾಯಾಲಯ ಹತ್ತಿತು. ಆದೇಶಪತ್ರ ಕೈಗೆ ಬರುವ ಹೊತ್ತಿಗೆ ಒಂದು ಶೈಕ್ಷಣಿಕ ವರ್ಷವೇ ಕಳೆದಿತ್ತು. ಈ ನಡುವೆ ಪ್ರತಿ ವರ್ಷ ನಿವೃತ್ತರಾಗುವವರು ಸಾಲುಗಟ್ಟಿ ಹೊರಡುತ್ತಿರುತ್ತಾರೆ.

ಖಾಲಿ ಜಾಗ ತುಂಬುವವರು ಅತಿಥಿ ಶಿಕ್ಷಕರು. 2025ರ ಹೆಚ್ಚಳದ ನಂತರವೂ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳು, ಅದೂ ತಡವಾಗಿ. ಬಿ.ಇಡಿ ಮುಗಿಸಿ ಬೇಸಿಗೆಯಲ್ಲಿ ಬೇರೆ ಕೆಲಸ ಹುಡುಕುವ ಇವರಿಲ್ಲದಿದ್ದರೆ ರಾಜ್ಯದ ಎಷ್ಟೋ ಶಾಲೆಗಳ ಬಾಗಿಲೇ ತೆರೆಯದು. ಕಲ್ಯಾಣ ಕರ್ನಾಟಕದಲ್ಲಿ ಈ ಅವಲಂಬನೆ ಇನ್ನೂ ಹೆಚ್ಚು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷದ ಮೇಲಾದರೂ ಅಲ್ಲಿನ ಖಾಲಿ ಹುದ್ದೆಗಳ ಗೋಳು ಮುಗಿದಿಲ್ಲ. ವರ್ಗಾವಣೆಗೆಂದೇ 2007ರಲ್ಲಿ ಒಂದು ಕಾಯ್ದೆ, 2020ರಲ್ಲಿ ಇನ್ನೊಂದು. ಆದರೂ ಪೇಟೆಯ ಶಾಲೆಗೆ ಹೆಚ್ಚುವರಿ ಶಿಕ್ಷಕರು, ಗಡಿಯ ತಾಲ್ಲೂಕಿಗೆ ಬರೀ ಹುದ್ದೆ.

ಖಾಸಗಿ ಶಾಲೆಯಲ್ಲಿ ಕಲಿಕೆ ಚೆನ್ನಾಗಿದೆಯಲ್ಲ?

ಅಂಕಿಯಲ್ಲಿ ಮುಂದಿದೆ. ‘ಅಸರ್’ನಲ್ಲೇ ಗ್ರಾಮೀಣ ಖಾಸಗಿ ಶಾಲೆಗಳ ಐದನೇ ತರಗತಿಯವರಲ್ಲಿ ಶೇ 60ರ ಆಸುಪಾಸು ಮಕ್ಕಳು ಎರಡನೇ ತರಗತಿಯ ಪಠ್ಯ ಓದುತ್ತಾರೆ. ಅಂದರೆ ಶುಲ್ಕ ಕಟ್ಟಿಯೂ ನೂರಕ್ಕೆ ನಲವತ್ತು ಮಕ್ಕಳಿಗೆ ಓದು ಬಂದಿಲ್ಲ. ಇನ್ನು ಆ ಮುನ್ನಡೆಯಲ್ಲಿ ಶಾಲೆಯ ಪಾಲೆಷ್ಟು, ಓದಿದ ತಾಯಿ, ಟ್ಯೂಷನ್, ಮನೆಯ ಅನುಕೂಲಗಳ ಪಾಲೆಷ್ಟು? ಅವಿಭಜಿತ ಆಂಧ್ರಪ್ರದೇಶದಲ್ಲಿ 2008ರಿಂದ ನಾಲ್ಕು ವರ್ಷ ಲಾಟರಿ ಎತ್ತಿ ಕೆಲವು ಬಡ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿ ನೋಡಿದರು. ತೆಲುಗು ಮತ್ತು ಗಣಿತದಲ್ಲಿ ಅವರಿಗೂ ಸರ್ಕಾರಿ ಶಾಲೆಯಲ್ಲೇ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಸೇರಿದವರು ಮುಂದಿದ್ದರು. ಆದರೆ ಇದನ್ನು ಓದಿ ಸರ್ಕಾರಿ ಶಾಲೆಯವರು ಬೀಗಬೇಕಿಲ್ಲ. ಖಾಸಗಿ ಶಾಲೆಗಳು ಅದೇ ಫಲಿತಾಂಶವನ್ನು ಬಹಳ ಕಡಿಮೆ ಖರ್ಚಿನಲ್ಲಿ ಕೊಟ್ಟಿದ್ದವು. ಶಿಕ್ಷಕಿಯರಿಗೆ ಹೊಟ್ಟೆಗೆ ಸಾಲದಷ್ಟು ಸಂಬಳ ಕೊಟ್ಟು ಉಳಿಸಿದ ಖರ್ಚು ಅದು ಎಂಬುದನ್ನೂ ಜೊತೆಗೇ ಹೇಳಬೇಕು.

ಎಲ್ಲ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮ ಮಾಡಿದರೆ ಮಕ್ಕಳು ಮರಳುವುದಿಲ್ಲವೇ?

ಒಂದೆರಡು ವರ್ಷ ಮರಳಿಯಾರು. 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸುವುದು ಶುರುವಾಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಎಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಕೆಲವು ಕಡೆ ಪೋಷಕರು ಸಾಲುಗಟ್ಟಿ ನಿಂತರು. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಲಿ ಎಂದಿದೆ.

ಚಿಕ್ಕ ಮಗು ತನಗೆ ಗೊತ್ತಿರುವ ಮಾತಿನಲ್ಲೇ ಓದಲು, ಲೆಕ್ಕ ಮಾಡಲು ಬೇಗ ಕಲಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ‘ಇಂಗ್ಲಿಷ್ ಬೇಡ ಎನ್ನುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ?’ ಎಂಬ ದಲಿತ ಪೋಷಕರ ಪ್ರಶ್ನೆಗೆ ಕನ್ನಡ ಹೋರಾಟದ ವೇದಿಕೆಗಳು ಇನ್ನೂ ನೆಟ್ಟಗೆ ಉತ್ತರಿಸಿಲ್ಲ. ಇಂಗ್ಲಿಷನ್ನು ಒಂದು ಭಾಷೆಯಾಗಿ, ಮಾತನಾಡಲು ಬರುವಂತೆ, ಮೊದಲ ತರಗತಿಯಿಂದ ಚೆನ್ನಾಗಿ ಕಲಿಸಿದರೆ ಮಾಧ್ಯಮದ ಜಗಳದ ಕಾವು ಅರ್ಧ ಇಳಿಯುತ್ತದೆ. ಅದಕ್ಕೆ ಇಂಗ್ಲಿಷ್ ಮಾತನಾಡಬಲ್ಲ ಶಿಕ್ಷಕರು ಬೇಕು. ಕೆಲವೇ ದಿನಗಳ ತರಬೇತಿ ಕೊಟ್ಟು ಅದೇ ಶಿಕ್ಷಕರ ಕೈಗೆ ಇಂಗ್ಲಿಷ್ ಪಠ್ಯಪುಸ್ತಕ ಇಟ್ಟರೆ ಬದಲಾಗುವುದು ಶಾಲೆಯ ಫಲಕ ಮಾತ್ರ.

ಎಲ್‌ಕೆಜಿ, ಯುಕೆಜಿಗೆ ಇಷ್ಟು ಮಹತ್ವ ಏಕೆ?

ಸರ್ಕಾರಿ ಶಾಲೆ ಮಗುವನ್ನು ಕಳೆದುಕೊಳ್ಳುವುದು ಒಂದನೇ ತರಗತಿಯಲ್ಲಲ್ಲ, ಅದಕ್ಕೂ ಎರಡು ವರ್ಷ ಮೊದಲು. ಸರ್ಕಾರಿ ಶಾಲೆಯ ಬಾಗಿಲು ಆರನೇ ವಯಸ್ಸಿಗೆ ತೆರೆಯುತ್ತದೆ. ಖಾಸಗಿಯವರ ವ್ಯಾನ್ ಮೂರೂವರೆಗೇ ಮನೆ ಮುಂದೆ ನಿಲ್ಲುತ್ತದೆ. ಯುಕೆಜಿ ಮುಗಿಸಿದ ಮಗುವನ್ನು ಅಲ್ಲಿಂದ ಬಿಡಿಸಿ ಸರ್ಕಾರಿ ಶಾಲೆಗೆ ತರುವ ಪೋಷಕರು ಬಹಳ ಕಡಿಮೆ. ತರುವುದಿದ್ದರೂ ಶುಲ್ಕ ಕಟ್ಟಲಾಗದೆ, ಟಿಸಿಗಾಗಿ ಜಗಳವಾಡಿ.

ನಡುವಿನ ವಯಸ್ಸಿಗೆ ಅಂಗನವಾಡಿ ಇದೆ ಎನ್ನಬಹುದು. ಇದೆ. ಆದರೆ ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು 2024ರಲ್ಲಿ ಬೀದಿಗಿಳಿದರು, ಮಕ್ಕಳೆಲ್ಲ ಅತ್ತ ಹೋದರೆ ತಮ್ಮ ಗತಿಯೇನು ಎಂದು. ಅವರ ಆತಂಕ ಸರಿಯಾದದ್ದೇ. ಪೌಷ್ಟಿಕ ಆಹಾರ, ಲಸಿಕೆ, ಗರ್ಭಿಣಿಯರ ಲೆಕ್ಕ ಎಲ್ಲವನ್ನೂ ಹೊತ್ತ ಆ ಹೆಣ್ಣುಮಗಳಿಗೆ ಪಾಠವೂ ಮಾಡು ಎಂದರೆ ಆಗದು. ನನ್ನ ಅಭಿಪ್ರಾಯದಲ್ಲಿ ಅಂಗನವಾಡಿಯನ್ನು ಶಾಲೆಯ ಆವರಣಕ್ಕೇ ತಂದು, ಅಲ್ಲಿಗೆ ತರಬೇತಿ ಪಡೆದ ಒಬ್ಬ ಶಿಕ್ಷಕಿಯನ್ನು ಕೊಟ್ಟರೆ ಎರಡೂ ಇಲಾಖೆಯ ಮಾನ ಉಳಿಯುತ್ತದೆ. ಕೆಲವು ಕಡೆ ಆವರಣ ಒಂದೇ ಇದೆ, ಶಿಕ್ಷಕಿ ಇಲ್ಲ.

ಆರ್‌ಟಿಇ ಅಡಿ ಖಾಸಗಿ ಶಾಲೆಯ ಶೇ 25 ಸೀಟು ಬಡ ಮಕ್ಕಳಿಗೆ ಕೊಟ್ಟದ್ದು ಒಳ್ಳೆಯದಾಯಿತೇ?

ಸೀಟು ಸಿಕ್ಕ ಕುಟುಂಬಕ್ಕೆ ಒಳ್ಳೆಯದಾಯಿತು. ಆದರೆ ಶುಲ್ಕವನ್ನು ಮರುಪಾವತಿಸುತ್ತಿದ್ದ ಸರ್ಕಾರವೇ ‘ನಿನ್ನ ಮಗು ನನ್ನ ಶಾಲೆಗಿಂತ ಅಲ್ಲಿದ್ದರೆ ಒಳಿತು’ ಎಂದು ಸಹಿ ಹಾಕಿಕೊಟ್ಟಂತಾಯಿತು. ಊರಿನ ಬಡವರಲ್ಲೇ ಚುರುಕಾಗಿ ಓಡಾಡುವ, ಅರ್ಜಿ ತುಂಬಬಲ್ಲ ಪೋಷಕರು ಹೀಗೆ ಹೊರಗೆ ಹೋದರು. 2019–20ರಿಂದ ಕರ್ನಾಟಕ ನಿಯಮ ಬದಲಿಸಿತು: ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಶಾಲೆಯಲ್ಲಿ ಈ ಸೀಟಿಲ್ಲ. ಅರ್ಜಿಗಳು ಪಾತಾಳಕ್ಕಿಳಿದವು. ಬದಲಾವಣೆಯ ತರ್ಕ ಸರಿ. ಆದರೆ ಒಂದು ಬಾಗಿಲು ಮುಚ್ಚಿದವರು ಇನ್ನೊಂದು ಬಾಗಿಲ ಹಿಂದೆ ಶಿಕ್ಷಕರನ್ನು ನಿಲ್ಲಿಸಲಿಲ್ಲ.

ಮೊಟ್ಟೆ, ಹಾಲು, ಬಿಸಿಯೂಟಕ್ಕೆ ಸುರಿಯುವ ದುಡ್ಡನ್ನು ಕಲಿಕೆಗೆ ಹಾಕಬಾರದೇ?

ಬೇಡ. ಹಸಿದ ಮಗುವಿಗೆ ಭಾಗಾಕಾರ ಹತ್ತುವುದಿಲ್ಲ. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟದ ಅಕ್ಷರ ದಾಸೋಹ, ಹಾಲು ಕೊಡುವ 2013ರ ಕ್ಷೀರಭಾಗ್ಯ ಇವು ಸರ್ಕಾರಿ ಶಾಲೆಯ ಕೆಲವೇ ಕೆಲವು ನಿಸ್ಸಂಶಯ ಸಾಧನೆಗಳು. ತಪ್ಪಿಸಬೇಕಾದದ್ದು ಊಟವನ್ನಲ್ಲ, ಊಟದ ಲೆಕ್ಕವನ್ನು ಶಿಕ್ಷಕರ ತಲೆಗೆ ಕಟ್ಟುವುದನ್ನು. ಅದನ್ನು ಗ್ರಾಮ ಪಂಚಾಯಿತಿಯೋ ಒಬ್ಬ ಗುಮಾಸ್ತನೋ ನೋಡಿಕೊಳ್ಳಲಿ.

ಚಿಕ್ಕ ಶಾಲೆಗಳನ್ನು ದೊಡ್ಡ ಶಾಲೆಗೆ ವಿಲೀನ ಮಾಡಿದರೆ ತರಗತಿಗೊಬ್ಬ ಶಿಕ್ಷಕ ಸಿಗುವುದಿಲ್ಲವೇ?

ಸಿಗುತ್ತಾನೆ, ಅದಕ್ಕಾಗಿಯೇ ಈ ಯೋಚನೆಯನ್ನು ಬಾಯಿಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. 2018ರಿಂದ ಕಟ್ಟುತ್ತ ಬಂದಿರುವ ಕರ್ನಾಟಕ ಪಬ್ಲಿಕ್ ಶಾಲೆಗಳ ಹಿಂದಿರುವ ವಾದವೂ ಇದೇ. ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣ. ಹಲವು ಕಡೆ ಸೀಟಿಗೆ ಶಿಫಾರಸು ಹಿಡಿಯುವಷ್ಟು ಬೇಡಿಕೆ ಇದೆ.

ಆದರೆ ನಕ್ಷೆಯಲ್ಲಿ ಮೂರು ಕಿಲೋಮೀಟರ್ ಎಂದರೆ ಮಲೆನಾಡಿನಲ್ಲಿ ಮೂರು ಕಿಲೋಮೀಟರ್ ಅಲ್ಲ. ಜುಲೈ ತಿಂಗಳಲ್ಲಿ ಕಾಲುಸಂಕ ದಾಟಿ ಆರು ವರ್ಷದ ಮಗುವನ್ನು ಯಾರು ಕಳಿಸುತ್ತಾರೆ? ಬಯಲುಸೀಮೆಯಲ್ಲಿ ಹೆದ್ದಾರಿ ಅಡ್ಡ ಬರುತ್ತದೆ. ದೊಡ್ಡ ಹುಡುಗಿಯರನ್ನು ದೂರ ಕಳಿಸಲು ಮನೆಯವರು ಒಪ್ಪುವುದಿಲ್ಲ. ‘ವಾಹನ ವ್ಯವಸ್ಥೆ ಮಾಡಲಾಗುವುದು’ ಎಂಬ ಆದೇಶ ಮೊದಲ ವರ್ಷ ಓಡುತ್ತದೆ, ಎರಡನೇ ವರ್ಷ ಡೀಸೆಲ್ ಬಿಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ಒಂದರಿಂದ ಮೂರನೇ ತರಗತಿ ಎಷ್ಟೇ ಚಿಕ್ಕದಾದರೂ ಊರಲ್ಲೇ ಉಳಿಯಲಿ. ನಾಲ್ಕರಿಂದ ಮೇಲೆ, ಪಂಚಾಯಿತಿ ವ್ಯಾಪ್ತಿಯಲ್ಲಿ, ಬಸ್ಸು ಮೊದಲು ಬಂದು ಶಾಲೆ ಆಮೇಲೆ ಮುಚ್ಚುವುದಾದರೆ ಕೂಡಿಸಬಹುದು. ಇಲ್ಲಿಯವರೆಗೆ ನಡೆದದ್ದು ಬಹುತೇಕ ತಿರುಗುಮುರುಗು.

ಅಧಿಕಾರಿಗಳು, ಶಾಸಕರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು ಕಡ್ಡಾಯ ಮಾಡಿದರೆ?

ಕೇಳಲು ಹಿತವಾಗಿದೆ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶ ಸರ್ಕಾರಕ್ಕೆ ಹೆಚ್ಚುಕಡಿಮೆ ಇದನ್ನೇ ಹೇಳಿತು. ಜಾರಿಗೆ ಬರಲಿಲ್ಲ. ಬಲವಂತಕ್ಕಿಂತ ಆಸೆ ಹುಟ್ಟಿಸುವುದು ಹೆಚ್ಚು ಕೆಲಸ ಮಾಡೀತು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟಿನಲ್ಲಿ ಶೇ 7.5 ಒಳಮೀಸಲಾತಿ ಕೊಟ್ಟಿತು. ಅಂಥದೊಂದು ಕ್ರಮದಿಂದ ಮಧ್ಯಮ ವರ್ಗದ ಲೆಕ್ಕಾಚಾರವೇ ಬದಲಾಗುತ್ತದೆ.

ಒಂದು ಶಾಲೆಗೆ ವರ್ಷದ ಖರ್ಚಿಗೆ ಎಷ್ಟು ಸಿಗುತ್ತದೆ?

ಸಂಬಳ ಬಿಟ್ಟು ಕೇಳುವುದಾದರೆ, ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಮಕ್ಕಳಿಗೆ 25,000, 250ರವರೆಗೆ 50,000. ಚಾಕ್‌ಪೀಸ್, ರಿಜಿಸ್ಟರ್, ಶೌಚಾಲಯದ ಶುಚಿತ್ವ, ಒಡೆದ ನಲ್ಲಿ, ರಾಷ್ಟ್ರೀಯ ಹಬ್ಬದ ಸಿಹಿ ಎಲ್ಲವೂ ಇದರಲ್ಲೇ. ಒಮ್ಮೊಮ್ಮೆ ಕಂತು ಬರುವುದೇ ವರ್ಷದ ಕೊನೆಗೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದದ್ದೇ 2023ರ ರಾಜ್ಯೋತ್ಸವದಂದು. ಅದಕ್ಕೂ ಮುಂಚೆ ಬಿಲ್ ಕಟ್ಟಲಾಗದೆ ಕಂಪ್ಯೂಟರು ಬೀರುವಿನಲ್ಲಿದ್ದ ಶಾಲೆಗಳನ್ನು ಯಾರು ಬೇಕಾದರೂ ತೋರಿಸುತ್ತಿದ್ದರು. ಕೊಠಾರಿ ಆಯೋಗ ಹೇಳಿದ ರಾಷ್ಟ್ರೀಯ ಆದಾಯದ ಶೇ 6ರ ಗುರಿಯನ್ನು 2020ರ ನೀತಿಯೂ ಮತ್ತೆ ಬರೆದುಕೊಂಡಿದೆ, ಅರ್ಧ ಶತಮಾನದ ನಂತರ.

ಶಾಲೆ ದತ್ತು, ಸ್ಮಾರ್ಟ್ ಕ್ಲಾಸ್ ಇವುಗಳಿಂದ?

ಕೊಡುವವರಿಗೆ ನಮಸ್ಕಾರ. ಆದರೆ ಗೋಡೆಗೆ ರೈಲಿನ ಚಿತ್ರ ಬಿಡಿಸಿದರೆ ಛಾಯಾಚಿತ್ರ ಚೆನ್ನಾಗಿ ಬರುತ್ತದೆ, ಅಷ್ಟೆ. ದಾನಿಗಳಿಗೆ ನನ್ನದೊಂದು ಕೋರಿಕೆ: ಟಿ.ವಿ. ಕೊಡುವ ಬದಲು ಅದೇ ದುಡ್ಡಿನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಒಬ್ಬ ಸ್ಥಳೀಯ ಶಿಕ್ಷಕಿಗೆ ಎರಡು ವರ್ಷ ಗೌರವಧನ ಕೊಡಿ. ಫಲಕದಲ್ಲಿ ಹೆಸರು ಬೇಕಿದ್ದರೆ ಅದಕ್ಕೂ ಹಾಕಿಸಬಹುದು.

ನಲಿ ಕಲಿಯಿಂದಲೇ ಮಕ್ಕಳು ಕೆಟ್ಟರು ಎನ್ನುತ್ತಾರಲ್ಲ?

ನಲಿ ಕಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದದ್ದು. ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಕಾರ್ಡುಗಳನ್ನು ರೂಪಿಸಿದ್ದರು. ಅವರದೇ ಕೂಸಾದ್ದರಿಂದ ಅಲ್ಲಿ ಅದು ನಡೆಯಿತು. 2009ರಲ್ಲಿ ರಾಜ್ಯಕ್ಕೆಲ್ಲ ಆದೇಶದ ಮೂಲಕ ಇಳಿದಾಗ ಕಾರ್ಡು ಬಂತು, ಆ ಹುರುಪು ಬರಲಿಲ್ಲ. ಮಗು ತನ್ನ ಮಟ್ಟದಿಂದ ಮುಂದೆ ಸಾಗಲಿ ಎಂಬ ವಿಚಾರ ಮಾತ್ರ ಇಂದಿಗೂ ಸರಿ. ಕಾರ್ಡುಗಳು ಹರಿದ ಮೇಲೆ ಹೊಸವು ಬಾರದ ಶಾಲೆಯಲ್ಲಿ ನಲಿಯೂ ಇಲ್ಲ, ಕಲಿಯೂ ಇಲ್ಲ.

ಸುಧಾರಣೆ ಎಂದರೆ ಮೊದಲು ಮಾಡಬೇಕಾದದ್ದೇನು?

ನನ್ನನ್ನು ಕೇಳಿದರೆ, ಮೂರು ವರ್ಷ ಹೊಸ ಯೋಜನೆಯ ಹೆಸರೇ ಎತ್ತದೆ ಶಿಕ್ಷಕರ ನೇಮಕದ ಸೂತ್ರ ಬದಲಿಸಬೇಕು. 60ಕ್ಕಿಬ್ಬರು ಎಂಬ ಲೆಕ್ಕ ಬಿಟ್ಟು, ಎಷ್ಟೇ ಮಕ್ಕಳಿದ್ದರೂ ಐದು ತರಗತಿಗೆ ಕನಿಷ್ಠ ಮೂವರು, ನಲವತ್ತು ಮಕ್ಕಳು ದಾಟಿದರೆ ಐವರು. ದುಬಾರಿಯೇ, ಒಪ್ಪುತ್ತೇನೆ. ಆದರೆ ಖಾಲಿಯಾಗುವ ಶಾಲೆಗೆ ಕೋಣೆ ಕಟ್ಟುವುದಕ್ಕಿಂತ ಅಗ್ಗ. ನಿವೃತ್ತಿಯ ಪಟ್ಟಿ ವರ್ಷ ಮೊದಲೇ ಗೊತ್ತಿರುವುದರಿಂದ ನೇಮಕಾತಿಯೂ ಪ್ರತಿ ವರ್ಷ ನಡೆಯಬಹುದು. ಜೊತೆಗೆ ಒಂದು ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಇಬ್ಬರು ಗುಮಾಸ್ತರು, ಮಾಹಿತಿ ಕಳಿಸುವ ಕೆಲಸವೆಲ್ಲ ಅವರಿಗೆ.

ಆಮೇಲೆ ಓದು. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ದಿನಕ್ಕೊಂದು ಗಂಟೆ ತರಗತಿಯ ಬದಲು ಓದುವ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವ ಕ್ರಮವನ್ನು ಪ್ರಥಮ್ ದೇಶದ ಹಲವೆಡೆ ಪರೀಕ್ಷಿಸಿದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅಳೆದು ನೋಡಿ ಫಲವಿದೆ ಎಂದ ಕ್ರಮ ಅದು. ನಮ್ಮ ‘ಓದು ಕರ್ನಾಟಕ’ದ ತಿರುಳೂ ಅದೇ. ಆದರೆ ಕೆಲವು ವಾರಗಳ ಆಂದೋಲನವಾಗಿ ಬಂದು ಹೋದರೆ ಪ್ರಯೋಜನವಿಲ್ಲ, ವರ್ಷವಿಡೀ ನಡೆಯಬೇಕು. ಆ ಹೊತ್ತು ಪಠ್ಯ ಮುಗಿಸಿಲ್ಲವೆಂದು ಶಿಕ್ಷಕರಿಗೆ ನೋಟಿಸ್ ಕೊಡಬಾರದು.

ಬೇರೆ ರಾಜ್ಯಗಳು ಮಾಡಿ ತೋರಿಸಿವೆಯೇ?

ಕೇರಳ 2016ರ ನಂತರ ಸಾರ್ವಜನಿಕ ಶಿಕ್ಷಣ ಸಂರಕ್ಷಣೆಯನ್ನೇ ಸರ್ಕಾರದ ಮುಖ್ಯ ಕಾರ್ಯಕ್ರಮ ಮಾಡಿಕೊಂಡಿತು, ಮುಚ್ಚಲು ಹೊರಟ ಶಾಲೆಗಳನ್ನು ಸರ್ಕಾರವೇ ವಹಿಸಿಕೊಂಡಿತು. ತಮಿಳುನಾಡು 2022ರಲ್ಲಿ ಬೆಳಗಿನ ಉಪಾಹಾರ ಶುರುಮಾಡಿತು. ಹಿಮಾಚಲ ಪ್ರದೇಶದ ಗುಡ್ಡಗಾಡು ಶಾಲೆಗಳನ್ನು 1999ರಷ್ಟು ಹಿಂದೆಯೇ ಅಧ್ಯಯನಕಾರರು ಹೊಗಳಿದ್ದರು. ಅಲ್ಲಿ ಮೇಲುಕೀಳಿನ ಅಂತರ ಕಡಿಮೆಯಿದ್ದು, ಎಲ್ಲರ ಮಕ್ಕಳೂ ಒಂದೇ ಶಾಲೆಯಲ್ಲಿದ್ದುದು ದೊಡ್ಡ ಕಾರಣ. ಯಾವುದನ್ನೂ ಇದ್ದಂತೆ ಎತ್ತಿಕೊಂಡು ಬರಲಾಗದು.

ಎಸ್‌ಡಿಎಂಸಿಯಿಂದ ಏನಾದರೂ ಆಗುತ್ತದೆಯೇ?

ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ಕರ್ನಾಟಕದಲ್ಲಿ ಈ ಸಮಿತಿಗಳು ಬಂದವು, ಕೇಂದ್ರದ ಕಾಯ್ದೆಗಿಂತ ಎಂಟು ವರ್ಷ ಮೊದಲು. ಕಾಯ್ದೆಯ ಪ್ರಕಾರ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಹಲವು ಕಡೆ ಇದು ಸ್ಥಳೀಯ ರಾಜಕಾರಣದ ಚಿಕ್ಕ ಅಖಾಡ. ಅಧ್ಯಕ್ಷರ ಮಗು ಖಾಸಗಿ ಶಾಲೆಗೆ ಹೋದದ್ದೂ ಉಂಟು. ಆದರೆ ಶಿಕ್ಷಕರಿಲ್ಲವೆಂದು ಠರಾವು ಮಾಡಿ, ದಿನಾಂಕ ಹಾಕಿ, ಬಿಇಒ ಮತ್ತು ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದರೆ ಅದು ಬರೀ ದೂರಲ್ಲ, ದಾಖಲೆ. ಮಕ್ಕಳ ಹಕ್ಕುಗಳ ಆಯೋಗಕ್ಕೂ ಹೈಕೋರ್ಟಿಗೂ ಬೇಕಾದದ್ದು ಅಂಥ ಕಾಗದವೇ.

ಈ ಜೂನ್‌ಗೆ ಮಗುವನ್ನು ಸೇರಿಸಬೇಕು. ಸರ್ಕಾರಿ ಶಾಲೆಯಲ್ಲಿ ನೋಡಬೇಕಾದದ್ದೇನು?

ಕಟ್ಟಡ ನೋಡಿ ಬರಬೇಡಿ. ವಾರದ ನಡುವೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಎಷ್ಟು ಕೋಣೆಯಲ್ಲಿ ಶಿಕ್ಷಕರು ನಿಂತಿದ್ದಾರೆ ಎಣಿಸಿ. ಅವರಲ್ಲಿ ಕಾಯಂ ಎಷ್ಟು, ಅತಿಥಿ ಎಷ್ಟು, ಕಳೆದ ಎರಡು ವರ್ಷದಲ್ಲಿ ಎಷ್ಟು ಮಂದಿ ಬದಲಾದರು ಎಂದು ಕೇಳಿ. ಮೂರನೇ ತರಗತಿಯ ಯಾವುದಾದರೂ ಮಗುವಿನ ಕೈಗೆ ಅದು ಹಿಂದೆ ನೋಡಿರದ ಪುಸ್ತಕ ಕೊಟ್ಟು ನಾಲ್ಕು ಸಾಲು ಓದಿಸಿ. ಪಾಠದ ಪುಸ್ತಕ ಬಾಯಿಪಾಠವಾಗಿರುತ್ತದೆ. ಶೌಚಾಲಯಕ್ಕೆ ಬೀಗ ಹಾಕಿದೆಯೇ ನೋಡಿ. ಶಿಕ್ಷಕರ ಮಕ್ಕಳು ಎಲ್ಲಿ ಓದುತ್ತಾರೆಂದು ಕೇಳಿದರೆ ಮುಜುಗರವಾದೀತು, ಆದರೂ ಕೇಳಿ. ಇದಿಷ್ಟೂ ತೃಪ್ತಿಕರವಾಗಿದ್ದರೆ ಧೈರ್ಯವಾಗಿ ಸೇರಿಸಿ, ಹಾಗೆಯೇ ಬೀದಿಯ ಇನ್ನೂ ಮೂರ್ನಾಲ್ಕು ಮನೆಯವರನ್ನು ಜೊತೆಗೆ ಕರೆದೊಯ್ಯಿರಿ. ದಾಖಲಾತಿ 60 ದಾಟಿದರೆ ಮೂರನೆಯ ಶಿಕ್ಷಕರನ್ನು ಕಾಯ್ದೆಯ ಪ್ರಕಾರವೇ ಕೇಳಬಹುದು.